ಹಲಗೆಯ ಮೇಲಿಲ್ಲದ ಸ್ಪ್ಯಾನರ್

ನನ್ನ ಹೆಂಡತಿ ಕೂತಿದ್ದನ್ನು ನಾನು ನೋಡಿದ್ದು ಕಡಿಮೆ. ಮದುವೆಯಾಗಿ ಇಪ್ಪತ್ತಾರು ವರ್ಷವಾಯಿತು. ಎದುರುಬದುರು ಕೂತು ಇಬ್ಬರೂ ಪೂರ್ತಿ ಒಂದು ಲೋಟ ಟೀ ಕುಡಿದದ್ದಿದ್ದರೆ ಅದು ಇವಳ ಕಾಲು ಉಳುಕಿದ್ದ ಆ ಒಂದು ವಾರ ಮಾತ್ರ. ಕಾಲಲ್ಲಿ ಚಕ್ರ ಕಟ್ಟಿಕೊಂಡೇ ಹುಟ್ಟಿದವಳು ಅಂತ ನಮ್ಮತ್ತೆ ಹೇಳುತ್ತಿದ್ದರು. ಚಕ್ರ ಅಲ್ಲ ಅತ್ತೆ, ಟ್ಯಾಂಕಿನ ಸರಪಳಿ ಅಂತ ನಾನು ತಿದ್ದುತ್ತಿದ್ದೆ. ಬರೀ ತಮಾಷೆಗೆ ಹೇಳಿದ ಮಾತಲ್ಲ. ಇವಳ ಕೆಲಸವೇ ಟ್ಯಾಂಕಿನ ಹೊಟ್ಟೆಯೊಳಗೆ.

ನಾನು ದರ್ಜಿ. ಅಳತೆ ಕೊಡಲು ನಿಂತವರಿಗೆ ಮೈ ಅಲ್ಲಾಡಿಸುವ ಹಾಗಿಲ್ಲವಲ್ಲ, ಅದಕ್ಕೆ ಬಾಯಿ ಆಡಿಸುತ್ತಾರೆ. ‘ಹೆಂಗಸಿಗೆ ಟ್ಯಾಂಕಿನಲ್ಲಿ ಏನ್ರೀ ಕೆಲಸ, ಗುಂಡು ಹೊಡೀತಾರಾ?’ ಅನ್ನುತ್ತಾರೆ. ಇಲ್ಲ ಸ್ವಾಮಿ, ಮನೆಯಲ್ಲಿ ಮಾತ್ರ ಹೊಡೆಯುವುದು ಅನ್ನುತ್ತೇನೆ. ಊರಾಚೆಯ ಆ ಕಾರ್ಖಾನೆಯಲ್ಲಿ ಗುಂಡು ಹಾರಿಸುವ ಟ್ಯಾಂಕು ತಯಾರಾಗುವುದಿಲ್ಲ. ಟ್ಯಾಂಕಿನ ಕೆಳಗಿನರ್ಧ ಮಾತ್ರ ಬರುತ್ತದೆ: ಸರಪಳಿ, ಎಂಜಿನ್ನು, ಗೇಣು ದಪ್ಪದ ಉಕ್ಕಿನ ಗೋಡೆ. ತೋಪು ಕೂರಬೇಕಾದ ಜಾಗದಲ್ಲಿ ಒಂದಕ್ಕೆ ಮಣ್ಣು ನೂಕುವ ಅಲಗು ಕೂರಿಸುತ್ತಾರೆ, ಇನ್ನೊಂದಕ್ಕೆ ಕೆಸರಲ್ಲಿ ಹೂತ ಗಾಡಿಗಳನ್ನು ಎಳೆಯುವ ಕ್ರೇನು. ಇವಳ ಶೆಡ್ಡಿನಲ್ಲಿ ಕೂರಿಸುವುದು ಸೇತುವೆ. ಮಡಚಿದ ಉಕ್ಕಿನ ಸೇತುವೆಯನ್ನು ಬೆನ್ನ ಮೇಲೆ ಹೊತ್ತು ಗಾಡಿ ಹಳ್ಳದ ಅಂಚಿಗೆ ಹೋಗಿ ನಿಲ್ಲುತ್ತದೆ. ಸೇತುವೆ ನಿಧಾನಕ್ಕೆ ಮೇಲೆದ್ದು, ಕತ್ತರಿಯ ಹಾಗೆ ಬಿಚ್ಚಿಕೊಂಡು, ಆಚೆ ದಡಕ್ಕೆ ಹೋಗಿ ಮಲಗುತ್ತದೆ. ಹಿಂದೆ ಬಂದವರು ಅದರ ಮೇಲೆ ದಾಟಿಕೊಳ್ಳುತ್ತಾರೆ. ಶೆಡ್ಡಿನವರು ಅದನ್ನು ಕತ್ತರಿ ಗಾಡಿ ಅಂತಲೇ ಕರೆಯುವುದು. ಹೀಗಾಗಿ ಗಂಡ ಹೆಂಡತಿ ಇಬ್ಬರೂ ಕತ್ತರಿಯ ಮೇಲೇ ಬದುಕುವವರು.

ಇವಳ ತೋಳು ಸಣ್ಣ. ಆ ತೋಳಿನಿಂದಲೇ ಇವಳಿಗೆ ಆ ಕೆಲಸ ಸಿಕ್ಕಿದ್ದು. ಡ್ರೈವರಿನ ಸೀಟಿನ ಕೆಳಗೆ, ನೆಲದ ತಗಡಿನಡಿ, ಬ್ರೇಕಿನ ಪೆಡಲಿನಿಂದ ಹಿಂದಕ್ಕೆ ಸಲಾಕೆಗಳು ಹೋಗುತ್ತವೆ. ಅಲ್ಲಿ ಮಲಗಿ, ಮುಖಕ್ಕೆ ಎಣ್ಣೆ ತೊಟ್ಟಿಕ್ಕಿಸಿಕೊಂಡು, ಕೈ ಮಾತ್ರ ಒಳಗೆ ತೂರಿಸಿ ಕಣ್ಣಿಗೆ ಕಾಣದ ನಟ್ಟುಗಳನ್ನು ಬಿಗಿಯಬೇಕು. ಗಂಡಸರ ಕೈ ಮೊಣಕೈಯಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ.

ಶೆಡ್ಡಿನ ಗೋಡೆಯ ಮೇಲೆ ಒಂದು ದೊಡ್ಡ ಹಲಗೆ ಇದೆ. ಬಿಳಿ ಹಲಗೆ, ಅದರ ಮೇಲೆ ಪ್ರತಿಯೊಂದು ಉಪಕರಣದ ಆಕಾರವನ್ನು ಕೆಂಪು ಬಣ್ಣದಲ್ಲಿ ಬರೆದಿದ್ದಾರೆ. ಸುತ್ತಿಗೆಯ ಜಾಗದಲ್ಲಿ ಕೆಂಪು ಸುತ್ತಿಗೆ, ಇಕ್ಕಳದ ಜಾಗದಲ್ಲಿ ಕೆಂಪು ಇಕ್ಕಳ. ಸಂಜೆ ಪ್ರತಿ ಸಾಮಾನೂ ತನ್ನ ಆಕಾರದ ಮೇಲೆ ತೂಗಬೇಕು. ಎಲ್ಲಾದರೂ ಒಂದು ಕೆಂಪು ಕಂಡರೆ ಆ ಸಾಮಾನು ಯಾವುದೋ ಗಾಡಿಯ ಹೊಟ್ಟೆಯಲ್ಲಿ ಉಳಿದಿದೆ ಅಂತ ಲೆಕ್ಕ. ಪಕ್ಕದಲ್ಲಿ ತೂಗುವ ರೈಲು ಕಂಬಿಯ ತುಂಡಿಗೆ ಮೂರು ಏಟು ಬೀಳುತ್ತದೆ. ಆಮೇಲೆ ಆ ಕೆಂಪು ಮುಚ್ಚುವ ತನಕ ಜನ ಮನೆಗೆ ಹೋಗುವ ಹಾಗಿಲ್ಲ, ಗಾಡಿ ಶೆಡ್ಡು ಬಿಡುವ ಹಾಗಿಲ್ಲ. ಮಂತ್ರಿ ಬಂದು ಕಾಯುತ್ತಿದ್ದರೂ ಇಲ್ಲ.

ಈ ಹಲಗೆ ಇವಳ ಕೈಯಲ್ಲಿತ್ತು. ಹನ್ನೆರಡು ವರ್ಷ ದಿನವೂ ‘ಹಲಗೆ ತುಂಬಿದೆ’ ಅಂತ ಸಹಿ ಹಾಕಿದವಳು ಇವಳೇ. ಒಮ್ಮೆ ಒಂದು ಗೇಣುದ್ದದ ಸ್ಕ್ರೂಡ್ರೈವರಿಗಾಗಿ ನಲವತ್ತು ಜನರನ್ನು ಮೂರು ಗಂಟೆ ನಿಲ್ಲಿಸಿಕೊಂಡಿದ್ದಳು. ಕೊನೆಗೆ ಅದು ಸಿಕ್ಕಿದ್ದು ಎಲ್ಲರಿಗಿಂತ ಜೋರಾಗಿ ಕೂಗಾಡುತ್ತಿದ್ದ ಮೇಸ್ತ್ರಿಯ ಜೇಬಿನಲ್ಲಿ. ಅವತ್ತಿನಿಂದ ಇವಳ ಹೆಸರು ಹಲಗೆಯಮ್ಮ. ಮೇಸ್ತ್ರಿಯೂ ಹಾಗೇ ಕರೆಯುತ್ತಾನೆ.

ಈಗ ಹೊಟ್ಟೆಯೊಳಗಿನ ಮಾತು ಹೇಳಿಬಿಡುತ್ತೇನೆ. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ. ಈ ಹಲಗೆಯಮ್ಮನ ಹತ್ತಿರವೇ ಹಲಗೆಯ ಮೇಲಿಲ್ಲದ ಒಂದು ಸ್ಪ್ಯಾನರ್ ಇತ್ತು.

ಬ್ರೇಕಿನ ಸಲಾಕೆಯ ಕೊನೆಯ ನಟ್ಟು ಒಂದು ಪೈಪಿನ ಹಿಂದೆ ಕೂತಿದೆ. ಕಾರ್ಖಾನೆ ಕೊಟ್ಟ ಯಾವ ಸ್ಪ್ಯಾನರೂ ಅಲ್ಲಿಗೆ ಹೋಗುವುದಿಲ್ಲ. ನಕ್ಷೆ ಬರೆಯುವ ಕಚೇರಿಗೆ ಇವಳು ಮೂರು ಸಲ ಬರೆದಳು. ಮೂರು ಸಲವೂ ‘ನಕ್ಷೆಯ ಪ್ರಕಾರ ಜಾಗ ಇದೆ’ ಅಂತ ಉತ್ತರ ಬಂತು. ಇವಳು ಒಂದು ಹಳೇ ಸ್ಪ್ಯಾನರನ್ನು ಕುಲುಮೆಯಲ್ಲಿ ಕೆಂಪಗೆ ಕಾಯಿಸಿ, ಎರಡು ಕಡೆ ಬಗ್ಗಿಸಿ, ಉಜ್ಜಿ, ತನ್ನದೇ ಒಂದು ಮಾಡಿಕೊಂಡಳು. ಯಾರು ಏನು ಮಾಡಿದರೂ ಅದು ನೆಟ್ಟಗಾಗುವುದಿಲ್ಲ ಅಂತ ಅದಕ್ಕೆ ನಾಯಿಬಾಲ ಅಂತ ಹೆಸರು ಬಿತ್ತು. ಹತ್ತೊಂಬತ್ತು ವರ್ಷ ಆ ಶೆಡ್ಡಿನಿಂದ ಹೋದ ಪ್ರತಿ ಗಾಡಿಯ ಬ್ರೇಕನ್ನೂ ಬಿಗಿದದ್ದು ನಾಯಿಬಾಲ. ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ. ಯಾಕೆಂದರೆ ಹೊರಗಿನ ಉಪಕರಣ ಒಳಗೆ ತಂದರೆ ಕೆಲಸದಿಂದ ತೆಗೆಯುತ್ತಾರೆ. ಚೀಲದಲ್ಲಿ ಕಬ್ಬಿಣ ಉಜ್ಜುವ ಒಂದು ಅರ ಸಿಕ್ಕಿತು ಅಂತ ಒಬ್ಬ ವೆಲ್ಡರನ್ನು ಮಧ್ಯಾಹ್ನದೊಳಗೆ ಗೇಟಿನಾಚೆ ಕಳಿಸಿದ್ದರು.

ಈ ಕಳ್ಳತನದಲ್ಲಿ ನಾನೂ ಪಾಲುದಾರ. ಇವಳ ನೀಲಿ ಓವರಾಲಿನ ಸೊಂಟದ ಪಕ್ಕ, ಹೊರಗಿನಿಂದ ಬರೀ ಮಡಿಕೆಯ ಹಾಗೆ ಕಾಣುವ ಒಂದು ಉದ್ದ ಜೇಬನ್ನು ಹೊಲಿದುಕೊಟ್ಟವನು ನಾನು. ನಾಯಿಬಾಲವನ್ನು ಕಾಗದದ ಮೇಲಿಟ್ಟು ಸುತ್ತ ಗೆರೆ ಎಳೆದು, ಆ ಅಚ್ಚು ಕತ್ತರಿಸಿ, ಅದರ ಅಳತೆಗೇ ಹೊಲಿದಿದ್ದೆ. ಓವರಾಲು ಹಳತಾದ ಹಾಗೆ ಐದು ಸಲ ಅದೇ ಅಚ್ಚಿನ ಮೇಲೆ ಹೊಸ ಜೇಬು ಹೊಲಿದೆ.

ಐದನೆಯದರ ತಳದ ಹೊಲಿಗೆ ಬಿಟ್ಟುಕೊಂಡಿತ್ತು. ‘ರೀ, ಜೇಬು ಹರೀತಾ ಇದೆ, ಒಂದು ಹೊಲಿಗೆ ಹಾಕಿಕೊಡಿ’ ಅಂತ ಇವಳು ಒಂದು ತಿಂಗಳಿನಿಂದ ಹೇಳುತ್ತಿದ್ದಳು. ಅಂಗಡಿಯಲ್ಲಿ ಶಾಲೆಯ ಯೂನಿಫಾರಂ ರಾಶಿ ಬಿದ್ದಿತ್ತು. ‘ನಾಳೆ’ ಅಂದೆ. ನಾಳೆ ಅಂದವನ ಮನೆ ಹಾಳು ಅನ್ನುವ ಗಾದೆಯನ್ನು ಗಿರಾಕಿಗಳು ನನಗೇ ದಿನಕ್ಕೆ ನಾಲ್ಕು ಸಲ ಹೇಳುತ್ತಾರೆ. ಆದರೂ ಬುದ್ಧಿ ಬಂದಿರಲಿಲ್ಲ.

ಅವತ್ತು ಶನಿವಾರ. ಮಧ್ಯಾಹ್ನ ಮನೆಗೆ ಬಂದವಳು ಓವರಾಲು ನೆನೆಹಾಕಲು ಜೇಬುಗಳನ್ನು ಖಾಲಿ ಮಾಡುತ್ತಿದ್ದಳು. ನಾನು ಬಾಗಿಲ ಬಳಿ ಗುಂಡಿ ಹೊಲಿಯುತ್ತಿದ್ದೆ. ಉದ್ದ ಜೇಬಿನೊಳಗೆ ಕೈ ಹಾಕಿದಳು. ಬೆರಳು ತಳದಿಂದ ಹೊರಗೆ ಬಂತು. ತನ್ನ ಬೆರಳನ್ನೇ ಬೇರೆ ಯಾರದೋ ಅನ್ನುವ ಹಾಗೆ ನೋಡುತ್ತಾ ನಿಂತಳು.

ಆಮೇಲೆ ಶುರುವಾಯಿತು. ಊಟದ ಚೀಲ ಬೋರಲು ಹಾಕಿದಳು. ಬೂಟು ಕೊಡವಿದಳು. ಓವರಾಲನ್ನು ಒಳಹೊರಗು ಮಾಡಿ ಹೊಲಿಗೆ ಹೊಲಿಗೆ ಹಿಂಡಿದಳು. ಏನೂ ಸಿಗದೆ ಅಡುಗೆಮನೆಗೆ ಹೋಗಿ, ಚೆನ್ನಾಗಿಯೇ ಇದ್ದ ನಲ್ಲಿಯನ್ನು ಬಿಚ್ಚಿ ಮತ್ತೆ ಜೋಡಿಸಿದಳು. ಜೇಬು ಹೊಲಿಯದ ನನ್ನ ಮೇಲಿನ ಸಿಟ್ಟು ಅಂದುಕೊಂಡು ನಾನು ತಲೆ ಎತ್ತಲಿಲ್ಲ. ಇವಳು ಬಂದು ನನ್ನ ಮಷೀನಿನ ತಿರುಪುಗಳಿಗೆ ಕೈ ಹಾಕಿದಾಗ ಮಾತ್ರ ತಡೆಯಲಾಗಲಿಲ್ಲ.

‘ಏನೇ ಆಗಿದೆ ನಿಂಗೆ?’

‘ನಾಯಿಬಾಲ ಇಲ್ಲ ಕಣ್ರೀ.’

‘ಶೆಡ್ಡಲ್ಲಿ ಬಿಟ್ಟಿರ್ತೀಯ.’

‘ಶೆಡ್ಡಲ್ಲಿ ಬಿಟ್ರೆ ಪರವಾಗಿಲ್ಲ. ಗಾಡಿ ಒಳಗೆ ಬಿಟ್ರೆ? ಕೊನೇ ನಟ್ಟು ಬಿಗಿದು ಜೇಬಿಗೆ ಹಾಕ್ಕೊಂಡಿದ್ದು ನೆನಪಿದೆ. ಆಮೇಲೆ ಹೊರಳಿ ಹೊರಗೆ ಬಂದೆ. ಪಕ್ಕದಲ್ಲಿ ಎಂಜಿನ್ ಓಡ್ತಿತ್ತು, ಏನು ಬಿದ್ರೂ ಕೇಳ್ತಿರಲಿಲ್ಲ. ನಾನು ಬಂದ ಹಿಂದೇನೇ ನೆಲದ ತಗಡು ಹಾಕಿ ಸೀಲ್ ಮಾಡಿದ್ರು.’

‘ಬಿದ್ದಿರಲಿ ಬಿಡು. ಅಷ್ಟು ದೊಡ್ಡ ಗಾಡಿಗೆ ಇಷ್ಟುದ್ದ ಸ್ಪ್ಯಾನರ್ ಏನು ಮಾಡುತ್ತೆ?’

ಇವಳು ನನ್ನ ಮಷೀನಿನ ಪೆಡಲಿನಡಿಗೆ ಕತ್ತರಿ ತೂರಿಸಿದಳು. ‘ತುಳೀರಿ’ ಅಂದಳು. ತುಳಿದೆ. ಪೆಡಲು ಅಲ್ಲಾಡಲಿಲ್ಲ.

‘ಗಾಡಿ ಸಮ ನೆಲದಲ್ಲಿದ್ರೆ ಅದು ಬಿದ್ದಲ್ಲೇ ಬಿದ್ದಿರುತ್ತೆ. ಹಳ್ಳದ ಅಂಚಲ್ಲಿ ಮೂತಿ ಕೆಳಗೆ ಮಾಡುತ್ತಲ್ಲ, ಆಗ ಜಾರುತ್ತೆ. ಬ್ರೇಕ್ ಬೇಕಾಗೋದೂ ಆಗಲೇ. ಸೋಮವಾರ ಹತ್ತು ಗಂಟೆಗೆ ಪರೀಕ್ಷೆ. ಓಡಿಸೋನು ನಮ್ಮ ಏಣಿ.’

ಏಣಿ ಅಂದರೆ ಪರೀಕ್ಷೆಯ ಡ್ರೈವರು. ಬಾಗಿಲಲ್ಲಿ ತಲೆ ಬಗ್ಗಿಸಿ ಬರುವಷ್ಟು ಎತ್ತರದವನು. ಅವನಿಗೆ ಸ್ವಂತ ಅಕ್ಕ ಇಲ್ಲ, ಇವಳನ್ನು ಅಕ್ಕ ಅಂತಾನೆ, ನನ್ನನ್ನು ಭಾವ ಅಂತಾನೆ. ಅಷ್ಟುದ್ದ ಮನುಷ್ಯನಿಗೆ ಬಟ್ಟೆ ಹೊಲಿಯುವವನು ನಾನೊಬ್ಬನೇ.

ಇವಳು ಫೋನು ಕೈಗೆ ತೆಗೆದುಕೊಂಡಳು, ಕೆಳಗಿಟ್ಟಳು. ಮತ್ತೆ ತೆಗೆದುಕೊಂಡಳು. ‘ಏನಂತ ಹೇಳ್ಲಿ? ಹಲಗೆ ತುಂಬಿದೆ ಅಂತ ನಾನೇ ಸಹಿ ಹಾಕಿದೀನಿ. ರಸ್ತೇಲೇ ಬಿದ್ದಿದ್ರೆ? ಬಸ್ಸಲ್ಲಿ ಬಿದ್ದಿದ್ರೆ? ಸುಮ್ನೆ ಬಾಯಿ ಬಿಟ್ಟು ಕೆಲಸ ಕಳ್ಕೊಂಡ ಹಾಗಾಗುತ್ತೆ. ಇನ್ನು ನಾಲ್ಕೇ ವರ್ಷ ಇರೋದು ಕಣ್ರೀ.’ ಮೊದಲು ಹುಡುಕೋಣ, ಸಿಗದಿದ್ದರೆ ಸೋಮವಾರ ಬೆಳಿಗ್ಗೆ ಹೇಳೋಣ ಅಂತ ಕೊನೆಗೆ ತೀರ್ಮಾನವಾಯಿತು.

ಭಾನುವಾರ ಬೆಳಕಾಗುವುದನ್ನೇ ಕಾದು ಇಬ್ಬರೂ ಹೊರಟೆವು. ಕಾರ್ಖಾನೆಯ ಗೇಟಿನಿಂದ ಬಸ್ ನಿಲ್ದಾಣ, ಅಲ್ಲಿಂದ ನಮ್ಮ ಬೀದಿ, ಇಷ್ಟನ್ನೂ ಬಗ್ಗಿಕೊಂಡು ನಡೆದೆವು. ‘ಏನ್ರೀ, ಓಲೆ ಕಳ್ಕೊಂಡ್ರಾ?’ ಅಂತ ಒಬ್ಬಾಕೆ ಕೇಳಿದಳು. ಹೌದು ಅಂದೆವು. ಪಾಪ, ಆಕೆಯೂ ಹತ್ತು ನಿಮಿಷ ನಮ್ಮ ಜೊತೆ ಬಗ್ಗಿ ಹುಡುಕಿದಳು. ಡಿಪೋಗೆ ಹೋಗಿ ಶನಿವಾರದ ಬಸ್ಸಿನ ಸೀಟುಗಳ ಅಡಿ ನೋಡಿದೆವು. ಒಂದು ಚಪ್ಪಲಿ, ಎರಡು ಛತ್ರಿ ಸಿಕ್ಕವು. ಇವಳು ಅದೇ ದಾರಿಯಲ್ಲಿ ಎರಡನೇ ಸಲ ಹೊರಟಳು. ಮೂರನೇ ಸಲವೂ ಹೊರಟಳು. ಬಿಸಿಲು ನೆತ್ತಿಗೆ ಬಂದಿತ್ತು. ಒಂದು ಗುಟುಕು ನೀರು ಕುಡಿಯೇ ಅಂದರೆ ಬಾಟಲಿ ಹಿಡಿದುಕೊಂಡೇ ಚರಂಡಿ ನೋಡುತ್ತಿದ್ದಳು. ಇಪ್ಪತ್ತಾರು ವರ್ಷ ಇವಳ ಓಡಾಟ ನೋಡಿ ನಕ್ಕಿದ್ದೇನೆ, ಬೈದಿದ್ದೇನೆ. ಅವತ್ತು ಮಾತ್ರ ನೋಡಲಾಗಲಿಲ್ಲ.

ಆಗಲೇ ನನ್ನ ತಲೆಗೆ ಆ ಯೋಚನೆ ಬಂದದ್ದು. ಸ್ಪ್ಯಾನರು ಸಿಕ್ಕಿಬಿಟ್ಟರೆ ಇವಳು ಸುಮ್ಮನಾಗುತ್ತಾಳೆ. ಕೆಲಸವೂ ಉಳಿಯುತ್ತದೆ. ನಿಜವಾದದ್ದು ಎಲ್ಲೋ ಚರಂಡಿಯಲ್ಲೇ ಬಿದ್ದಿದೆ, ಗಾಡಿಯೊಳಗೆ ಅಂತ ಯಾರು ಕಂಡರು? ಚರಂಡಿಯಲ್ಲೇ ಇದೆ ಅಂತ ನನಗೆ ನಾನೇ ಹತ್ತು ಸಲ ಹೇಳಿಕೊಂಡೆ. ಹತ್ತು ಸಲ ಹೇಳಿಕೊಳ್ಳಬೇಕಾಗಿ ಬಂದಾಗಲೇ ನನಗೆ ಅರ್ಥವಾಗಬೇಕಿತ್ತು.

ಗುಂಡಿ ತರುತ್ತೇನೆ ಅಂತ ಹೇಳಿ ಮಧ್ಯಾಹ್ನ ಹೊರಟೆ. ಗುಜರಿಯಲ್ಲಿ ಅದೇ ಅಳತೆಯ ಹಳೇ ಸ್ಪ್ಯಾನರು ಹುಡುಕಿದೆ. ಜೇಬಿನ ಕಾಗದದ ಅಚ್ಚು ನನ್ನ ಹತ್ತಿರವೇ ಇತ್ತಲ್ಲ. ಅದನ್ನು ಕಮ್ಮಾರನ ಮುಂದೆ ಹರಡಿ, ಹೀಗೆ ಎರಡು ಕಡೆ ಬಗ್ಗಬೇಕು ಅಂದೆ. ‘ದರ್ಜಿ ಅಂಗಡೀಲಿ ಇದ್ಯಾಕೆ ಮೇಷ್ಟ್ರೇ?’ ಅಂತ ಅವನು ಕೇಳಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವ ಹಾಗೆ, ‘ಯಾಕೆ, ನಾನೇನು ಕದ್ದಿದೀನಾ?’ ಅಂತ ರೇಗಿದೆ. ಅವನು ಪಾಪ, ತೆಪ್ಪಗೆ ಕಾಯಿಸಿ ಬಗ್ಗಿಸಿಕೊಟ್ಟ. ಅಚ್ಚಿನ ಮೇಲಿಟ್ಟರೆ ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಎಣ್ಣೆ ಬಳಿದು, ಮಣ್ಣು ತಿಕ್ಕಿ, ಒರೆಸಿದೆ. ನನ್ನ ಕೈಗೆಲಸಕ್ಕೆ ನಾನೇ ಹೆಮ್ಮೆಪಟ್ಟುಕೊಂಡೆ ಅಂತ ಹೇಳಲು ಈಗ ನಾಚಿಕೆಯಾಗುತ್ತದೆ.

ಮನೆಗೆ ಬಂದಾಗ ಇವಳು ಕಪಾಟಿನ ಬಾಗಿಲುಗಳನ್ನು ಕಳಚಿ ಗೋಡೆಗೆ ಒರಗಿಸಿದ್ದಳು.

‘ತಗೋ, ಮಷೀನಿನ ಹಿಂದೆ ಬಟ್ಟೆ ಚೂರುಗಳ ಮಧ್ಯೆ ಬಿದ್ದಿತ್ತು’ ಅಂದೆ.

ಇವಳು ಅದನ್ನು ಕೈಗೆ ತೆಗೆದುಕೊಂಡಳು. ತಿರುಗಿಸಿದಳು. ಹೆಬ್ಬೆರಳನ್ನು ಅದರ ಬಾಯೊಳಗೆ ಒಮ್ಮೆ ಆಡಿಸಿದಳು.

‘ಇಲ್ಲಿತ್ತಾ’ ಅಂದಳು.

ಅಷ್ಟು ಅಂದು ಕೂತಳು. ನಿಜವಾಗಿಯೂ ಕೂತಳು, ಗೋಡೆಗೆ ಬೆನ್ನು ಕೊಟ್ಟು, ಕಾಲು ಚಾಚಿ. ತಟ್ಟೆ ಹಾಕಿದೆ. ಶನಿವಾರದಿಂದ ಏನೂ ತಿನ್ನದವಳು ಎರಡು ಸಲ ಬಡಿಸಿಕೊಂಡು ಉಂಡಳು. ತಲೆ ಎತ್ತಲಿಲ್ಲ. ನೆಮ್ಮದಿಯಾಯಿತು ಅಂದುಕೊಂಡೆ.

ನೆಮ್ಮದಿ ಇವಳಿಗಾಯಿತೋ ಇಲ್ಲವೋ, ಚಡಪಡಿಕೆ ಮಾತ್ರ ಎದ್ದು ಬಂದು ನನ್ನ ಮೇಲೆ ಕೂತಿತು. ಸೂಜಿಗೆ ದಾರ ಪೋಣಿಸಲು ಹೋದರೆ ಆಗಲಿಲ್ಲ. ಕಪಾಟಿನ ಬಾಗಿಲು ಕೂರಿಸಲು ಹೋಗಿ ಕಾಲ ಮೇಲೆ ಹಾಕಿಕೊಂಡೆ. ಅಂಗಡಿಗೆ ಹೋದೆ, ಮನೆಗೆ ಬಂದೆ, ಮತ್ತೆ ಅಂಗಡಿಗೆ ಹೋದೆ. ಹತ್ತು ಹೆಜ್ಜೆ ದೂರದ ಅಂಗಡಿ.

ಸಂಜೆ ಐದಕ್ಕೆ ಏಣಿ ಅಂಗಡಿಗೆ ಬಂದ.

‘ಭಾವ, ಒಂದು ಶರ್ಟ್ ಹೊಲೀರಿ. ನಾಳೆ ದೊಡ್ಡ ದೊಡ್ಡವರೆಲ್ಲ ನೋಡೋಕೆ ಬರ್ತಾರಂತೆ. ನಾಳೆಗಂತೂ ಆಗಲ್ಲ, ಮುಂದಿನ ಸಲಕ್ಕಾದ್ರೂ ಇರ್ಲಿ.’

ಟೇಪು ತೆಗೆದುಕೊಂಡು ಸ್ಟೂಲಿನ ಮೇಲೆ ಹತ್ತಿದೆ. ಅವನ ಭುಜ ಅಳೆಯಲು ನನಗೆ ಯಾವಾಗಲೂ ಸ್ಟೂಲು ಬೇಕು.

‘ನಾಳೆ ಹಳ್ಳ ತುಂಬಾ ಕಡಿದಾ?’ ಅಂತ ಕೇಳಿದೆ.

‘ಗೋಡೆ ಇದ್ದ ಹಾಗಿದೆ ಭಾವ! ಸೀಟಲ್ಲಿ ಕೂತ್ರೆ ಆಕಾಶಾನೇ ಕಾಣಲ್ಲ, ಬರೀ ಮಣ್ಣು. ಆದ್ರೆ ಭಯ ಇಲ್ಲ. ಬ್ರೇಕ್ ಕಟ್ಟಿರೋದು ಯಾರು? ಅಕ್ಕ. ಕಣ್ಮುಚ್ಕೊಂಡು ಇಳಿಸ್ತೀನಿ.’ ಅಷ್ಟು ಹೇಳಿ ನಮ್ಮ ಮನೆಯ ಕಡೆ ತಿರುಗಿ, ‘ಅಲ್ವಾ ಅಕ್ಕಾ?’ ಅಂತ ಕೂಗಿದ.

ಒಳಗಿನಿಂದ ಉತ್ತರ ಬರಲಿಲ್ಲ.

ಭುಜ ಅಳೆದೆ, ಬರೆದುಕೊಂಡೆ. ಬರೆದದ್ದು ತಪ್ಪು ಅನ್ನಿಸಿ ಮತ್ತೆ ಅಳೆದೆ. ಮೂರನೇ ಸಲವೂ ಬೇರೆ ಅಂಕಿ ಬಂತು. ‘ನಾನಿನ್ನೂ ಬೆಳೀತಾ ಇದೀನಾ ಭಾವ?’ ಅಂತ ಏಣಿ ನಕ್ಕ. ಅವನ ಕತ್ತಿನ ಹಿಂದೆ ಒಂದು ಹಳೇ ಗಾಯದ ಗುರುತಿದೆ. ಟೇಪು ಹಿಡಿದು ಅದನ್ನೇ ನೋಡುತ್ತಾ ನಿಂತೆ. ಹೇಳಿಬಿಡಬೇಕು ಅನ್ನಿಸಿತು. ಟೇಪು ಸುತ್ತಿ ಜೇಬಿಗೆ ಹಾಕಿಕೊಂಡೆ. ಹೋಗಿ ಬರ್ತೀನಿ ಭಾವ ಅಂದ. ಹ್ಞೂ ಅಂದೆ.

ಆ ರಾತ್ರಿ ಇಬ್ಬರೂ ಕಣ್ಣು ಮುಚ್ಚಿಕೊಂಡು ಮಲಗಿದ್ದೆವು, ಅಷ್ಟೆ.

ಬೆಳಿಗ್ಗೆ ಎದ್ದವನೇ ಹೇಳಿಬಿಡಬೇಕೆಂದು ಅಡುಗೆಮನೆಗೆ ಹೋದೆ. ಇವಳು ಹೊಸ್ತಿಲ ಮೇಲೆ ಕೂತಿದ್ದಳು. ಓವರಾಲು ತೊಟ್ಟಾಗಿತ್ತು, ಬೂಟು ಕಟ್ಟಿಯಾಗಿತ್ತು. ಬಸ್ಸಿಗೆ ಇನ್ನೂ ಒಂದೂವರೆ ಗಂಟೆಯಿತ್ತು. ತೊಡೆಯ ಮೇಲೆ ನಾನು ಮಾಡಿಸಿದ ಸ್ಪ್ಯಾನರು.

‘ಅದು... ಅದು ನಿಂದಲ್ಲ ಕಣೇ. ನಾನು ಮಾಡಿಸಿದ್ದು’ ಅಂದೆ.

‘ಗೊತ್ತು.’

‘ಯಾವಾಗ ಗೊತ್ತಾಯ್ತು?’

‘ಕೈಗೆ ತಗೊಂಡಾಗಲೇ. ನನ್ನದರ ಬಾಯೊಳಗೆ ಒಂದು ಕಚ್ಚಿದೆ, ಹೆಬ್ಬೆರಳಿಗೆ ಸಿಗುತ್ತೆ.’ ಸ್ಪ್ಯಾನರನ್ನು ತೊಡೆಯಿಂದ ತೆಗೆದು ನೆಲಕ್ಕಿಟ್ಟಳು. ‘ಬೈಬೇಕಿತ್ತು ನಿಮಗೆ. ಅದು ಬಿಟ್ಟು, ಇಲ್ಲಿತ್ತಾ ಅಂದೆ. ನಂಬಿದ ಹಾಗೆ ಮಾಡಿದ್ರೆ ಎಷ್ಟು ಹಗುರ ಆಗುತ್ತೆ ಅನ್ನಿಸ್ತು. ಗೊತ್ತಿದ್ದೂ ಉಂಡೆ ಕಣ್ರೀ, ಎರಡು ಸಲ ಬಡಿಸ್ಕೊಂಡು. ಅವನು ಹೊರಗೆ ನಿಂತು ಅಕ್ಕಾ ಅಂದಾಗ ಒಳಗೇ ನಿಂತಿದ್ದೆ, ಓಗೊಡಲಿಲ್ಲ.’

ಇವಳ ಪಕ್ಕ ಕೂತೆ. ಇಬ್ಬರೂ ಅತ್ತೆವು. ಮುಚ್ಚಿಡುವುದೇನಿದೆ, ಅತ್ತೆವು. ಆಮೇಲೆ ಮುಖ ತೊಳೆದುಕೊಂಡು ಇಬ್ಬರೂ ಬಸ್ಸು ಹತ್ತಿದೆವು.

ನನ್ನನ್ನು ಗೇಟಿನ ಒಳಗೆ ಬಿಡುವುದಿಲ್ಲ. ಆ ಸ್ಪ್ಯಾನರನ್ನು ಇವಳು ಎಂದಿನ ಜೇಬಿನಲ್ಲಿ ಇಡಲಿಲ್ಲ, ಎಲ್ಲರಿಗೂ ಕಾಣುವ ಹಾಗೆ ಕೈಯಲ್ಲೇ ಹಿಡಿದು ಹೋದಳು. ಕಾವಲಿನವನು ಏನೋ ಕೇಳಿದ. ಇವಳು ಏನೋ ಹೇಳಿದಳು. ಹಲಗೆಯಮ್ಮನ ಮಾತಲ್ಲವೇ, ಅವನು ಪಕ್ಕಕ್ಕೆ ಸರಿದ. ಒಳಗೆ ನಡೆದದ್ದನ್ನು ಆಮೇಲೆ ನನಗೆ ಹೇಳಿದವನು ಏಣಿ.

ಇವಳು ಯಾರನ್ನೂ ಮಾತಾಡಿಸದೆ ನೇರ ಹಲಗೆಯ ಹತ್ತಿರ ಹೋದಳಂತೆ. ಕೆಳಗಿನ ಸಾಲಿನಲ್ಲಿ ಖಾಲಿ ಇದ್ದ ಬಿಳಿ ಜಾಗದ ಮೇಲೆ ಆ ಸ್ಪ್ಯಾನರನ್ನು ಒತ್ತಿ ಹಿಡಿದು, ಸುತ್ತ ಗೆರೆ ಎಳೆದು, ಕೆಂಪು ಬಣ್ಣದ ಡಬ್ಬಿ ತೆರೆದು ಒಳಗೆಲ್ಲ ತುಂಬಿದಳಂತೆ. ಕೈಯಲ್ಲಿದ್ದದ್ದನ್ನು ಕೆಳಗಿಟ್ಟಳು. ಹಲಗೆಯ ಮೇಲೆ ಡೊಂಕಾದ ಒಂದು ಹೊಸ ಕೆಂಪು ಆಕಾರ, ಅದರ ಮೇಲೆ ಏನೂ ಇಲ್ಲ.

ಮೇಸ್ತ್ರಿ ಓಡಿ ಬಂದ. ‘ಹಲಗೆಯಮ್ಮಾ, ಏನು ಮಾಡ್ತಿದೀರಿ?’

‘ಒಂದು ಸಾಮಾನು ಕಾಣ್ತಿಲ್ಲ ಮೇಸ್ತ್ರಿ. ಹಲಗೆ ತುಂಬಿಲ್ಲ. ಗಾಡಿ ಹೊರಡೋ ಹಾಗಿಲ್ಲ.’

ಮೇಸ್ತ್ರಿಗೆ ತಕ್ಷಣ ಅರ್ಥವಾಯಿತು. ಒಳ್ಳೆಯ ಮನುಷ್ಯ, ದನಿ ತಗ್ಗಿಸಿದ. ‘ಬಣ್ಣ ಹಸಿ ಇದೆ, ಒರೆಸಿಬಿಡಿ. ಯಾರೂ ನೋಡಿಲ್ಲ. ಪೈಪು ಸೋರ್ತಾ ಇದೆ ಅಂತ ಏನಾದ್ರೂ ನೆಪ ಹೇಳಿ ತಗಡು ತೆಗೆಸೋಣ.’

‘ಪೈಪು ಅಂದ್ರೆ ಪೈಪಿನ ಕಡೆ ಮಾತ್ರ ತೆಗೀತಾರೆ. ಸುಳ್ಳು ಕಾರಣ ಕೊಟ್ರೆ ಸುಳ್ಳು ಜಾಗದಲ್ಲೇ ಹುಡುಕ್ತಾರೆ’ ಅಂದಳಂತೆ. ಅಷ್ಟು ಹೇಳಿ ಸುತ್ತಿಗೆ ತೆಗೆದುಕೊಂಡು ಕಂಬಿಗೆ ಹೊಡೆದಳು.

ಆ ಮೂರು ಏಟು ಗೇಟಿನ ಹೊರಗಿದ್ದ ನನಗೂ ಕೇಳಿಸಿತು. ಪಕ್ಕದ ಟೀ ಅಂಗಡಿಯವನು, ‘ಯಾವನೋ ಬೇಜವಾಬ್ದಾರಿ ಏನೋ ಬಿಟ್ಟಿದಾನೆ’ ಅಂದ. ಹೌದು, ಅವನು ಇಲ್ಲೇ ನಿಂತಿದ್ದಾನೆ ಅಂತ ನಾನು ಹೇಳಲಿಲ್ಲ.

ದೊಡ್ಡವರ ಕಾರುಗಳು ಬಂದವು, ಕಾದವು, ಹೋದವು. ಒಳಗೆ ಸೀಲು ಮುರಿದು ತಗಡು ಬಿಚ್ಚಲು ಎರಡು ಗಂಟೆ ಹಿಡಿಯಿತು. ನಾಯಿಬಾಲ ಅಲ್ಲಿತ್ತು. ಬ್ರೇಕಿನ ಸನ್ನೆಗೋಲಿನಿಂದ ಒಂದು ಗೇಣು ಹಿಂದೆ, ಒಂದು ಮೂಲೆಯಲ್ಲಿ ಸಾಧುವಾಗಿ ಮಲಗಿತ್ತಂತೆ. ‘ಇಲ್ಲಿದ್ದಿದ್ರೆ ಏನೂ ಆಗ್ತಿರಲಿಲ್ಲ ಬಿಡಿ’ ಅಂತ ಯಾರೋ ಅಂದರು. ತಪಾಸಣೆಯ ಸಾಹೇಬರು ಸ್ಪ್ಯಾನರನ್ನು ಸಿಕ್ಕಿದ ಜಾಗದಲ್ಲೇ ಇಡಿಸಿ, ಗಾಡಿಯ ಹಿಂಭಾಗವನ್ನು ಜಾಕಿಯಲ್ಲಿ ಎತ್ತಿಸಿದರು. ಮೂತಿ ಕೆಳಗಾಗುತ್ತಾ ಹೋಯಿತು. ನಾಯಿಬಾಲ ಒಮ್ಮೆ ಅಲ್ಲಾಡಿತು, ಮೆಲ್ಲಗೆ ಜಾರಿತು, ಹೋಗಿ ಸನ್ನೆಗೋಲಿನಡಿ ಕೂತಿತು. ‘ಈಗ ತುಳಿ’ ಅಂದರು. ಏಣಿ ಸೀಟಿನಲ್ಲಿದ್ದ. ಆ ಆನೆಯಂಥ ಕಾಲಿನಲ್ಲಿ ಎದ್ದು ನಿಂತು ತುಳಿದರೂ ಪೆಡಲು ಎರಡು ಬೆರಳಿಗಿಂತ ಕೆಳಗೆ ಹೋಗಲಿಲ್ಲ.

‘ಆಗ ಅಕ್ಕನ ಮುಖ ನೋಡಿದೆ ಭಾವ’ ಅಂದ ಏಣಿ.

ವಿಚಾರಣೆ ಎರಡು ತಿಂಗಳು ನಡೆಯಿತು. ಇವಳು ಎಲ್ಲವನ್ನೂ ತನ್ನ ಮೇಲೆ ಹಾಕಿಕೊಂಡಳು, ಜೇಬು ಹೊಲಿದದ್ದೂ ತಾನೇ ಅಂದಳು. ಇವಳಿಗೆ ಗುಂಡಿ ಹೊಲಿಯಲೂ ಬರುವುದಿಲ್ಲ. ನಕ್ಷೆಯ ಕಚೇರಿಯಿಂದ ಒಬ್ಬ ಬಂದು, ಆ ನಟ್ಟಿಗೆ ಕಾರ್ಖಾನೆಯ ಸ್ಪ್ಯಾನರು ಹೋಗುತ್ತದೆ ಅಂತ ತೋರಿಸಲು ಕೈ ತೂರಿಸಿದ. ಕೈ ಸಿಕ್ಕಿಹಾಕಿಕೊಂಡಿತು. ಎಣ್ಣೆ ಹಚ್ಚಿ ಬಿಡಿಸಿದರು. ನಕ್ಷೆಯ ಪ್ರಕಾರ ಜಾಗ ಇತ್ತಲ್ಲ, ಅದೇ ಜಾಗ. ಹಲಗೆಯ ಮೇಲಿನ ಆಕಾರವನ್ನು ಅಳಿಸಬೇಕೆಂದು ಮೊದಲು ಆದೇಶವಾಗಿತ್ತು. ಅದಾದ ಮೇಲೆ ಅದಕ್ಕೊಂದು ನಂಬರು ಕೊಟ್ಟರು. ನಾಯಿಬಾಲ ಈಗ ಅಲ್ಲೇ ತೂಗುತ್ತದೆ.

ಇವಳನ್ನು ತೆಗೆಯಲಿಲ್ಲ. ಎರಡು ಮೆಟ್ಟಿಲು ಇಳಿಸಿದರು, ಗಾಡಿಯ ಹೊಟ್ಟೆಯೊಳಗೆ ಹೋಗಬಾರದು ಅಂದರು, ಹಲಗೆಯ ಸಹಿಯನ್ನೂ ಬೇರೆಯವರಿಗೆ ಕೊಟ್ಟರು. ಉಪಕರಣ ಕೊಡುವ ಕೋಣೆಯಲ್ಲಿ, ಒಂದು ಕಿಂಡಿಯ ಹಿಂದೆ ಇವಳಿಗೊಂದು ಕುರ್ಚಿ ಹಾಕಿದರು. ಇವಳನ್ನು ಬಲ್ಲವರು ಯಾರೋ ಯೋಚಿಸಿ ಕೊಟ್ಟ ಶಿಕ್ಷೆಯೇ ಇರಬೇಕು. ಎಂಟು ಗಂಟೆ ಕೂತಿರಬೇಕು. ಇವಳ ಜಾಗಕ್ಕೆ ಬಂದ ಹೆಣ್ಣುಮಗಳು ಬೆಳಿಗ್ಗೆ ಕಿಂಡಿಯಲ್ಲಿ ತನ್ನ ಹಿತ್ತಾಳೆಯ ಬಿಲ್ಲೆ ಒತ್ತೆಯಿಟ್ಟು ಹಲಗೆಯಿಂದ ನಾಯಿಬಾಲ ತೆಗೆದುಕೊಂಡು ಹೋಗುತ್ತಾಳೆ, ಸಂಜೆ ಅದನ್ನು ಮತ್ತೆ ತೂಗುಹಾಕಿ ಬಿಲ್ಲೆ ಹಿಂದಕ್ಕೆ ಪಡೆಯುತ್ತಾಳೆ. ಅಷ್ಟು ಹೊತ್ತೂ ಇವಳಿಗೆ ಮುಳ್ಳಿನ ಮೇಲೆ ಕೂತ ಹಾಗೆ. ಬಿಲ್ಲೆಯನ್ನು ಮೊಳೆಗೆ ತೂಗುಹಾಕದೆ ಕೈಯಲ್ಲೇ ತಿರುಗಿಸುತ್ತಾ ಕೂತಿರುತ್ತಾಳಂತೆ.

ಏಣಿಯ ಶರ್ಟು ಹೊಲಿದುಕೊಟ್ಟೆ. ಭುಜ ಬಿಗಿಯಾಯಿತು, ಒಂದು ತೋಳು ಗಿಡ್ಡವಾಯಿತು. ‘ಇಷ್ಟು ವರ್ಷದಲ್ಲಿ ನಿಮ್ಮ ಅಳತೆ ತಪ್ಪಿದ್ದೇ ಇಲ್ವಲ್ಲ ಭಾವ, ಇದೇನಾಯ್ತು?’ ಅಂತ ಕೇಳಿದ. ವಯಸ್ಸಾಯಿತಪ್ಪ ಅಂದೆ. ಆ ಸಂಜೆ ಅವನ ಭುಜದ ಮೇಲೆ ಟೇಪು ಇಟ್ಟಾಗ ನನಗೆ ಎಲ್ಲ ಗೊತ್ತಿತ್ತು ಅಂತ ಅವನಿಗೆ ಇವತ್ತಿನವರೆಗೆ ಹೇಳಿಲ್ಲ. ಬಾಯಲ್ಲಿ ಹೇಳಲು ಆಗದ್ದಕ್ಕೇ ಇದನ್ನು ಬರೆದದ್ದು. ಏಣಿ, ಇದು ನಿನ್ನ ಕೈಗೆ ಸಿಕ್ಕಾಗ ಓದು. ಓದಿ ಆದ ಮೇಲೆ ಅಂಗಡಿಗೆ ಬರುತ್ತೀಯೋ ಇಲ್ಲವೋ, ಅದು ನಿನ್ನಿಷ್ಟ.

ಆ ಸೋಮವಾರ ಸಂಜೆ ಇವಳು ಮನೆಗೆ ಬಂದು ಓವರಾಲು ಕಳಚಿ ನನ್ನ ಮಷೀನಿನ ಮೇಲೆ ಹಾಕಿದಳು.

‘ಇನ್ನು ಆ ಜೇಬಲ್ಲಿ ಇಡೋಕೆ ಏನೂ ಇಲ್ಲ. ಆದ್ರೂ ಹೊಲೀರಿ’ ಅಂದಳು.

ಹೊಲಿದೆ. ಇವಳು ಎದುರಿಗೆ ನಿಂತು ನೋಡುತ್ತಿದ್ದಳು. ಗೋಡೆಯ ಗಡಿಯಾರ ಇಬ್ಬರಿಗೂ ಕಾಣುತ್ತಿತ್ತು. ದಾರ ಪೋಣಿಸಿದ್ದೂ ಸೇರಿ ಎಂಟು ನಿಮಿಷ ಹಿಡಿಯಿತು.